ಶಿಕ್ರಾದ ರೆಕ್ಕೆ ತೊಟ್ಟ ಚಾಣ: ಮಾರಿಷಸ್ ದ್ವೀಪದ ಪಾಠ

ಲಾಲ್‌ಬಾಗಿನಲ್ಲಿ ಶಿಕ್ರಾ ಗಿಡುಗವನ್ನು ನೋಡಿದವರಿಗೆ ಈ ಪಾಠ ಅರ್ಧ ಬಂದಂತೆಯೇ. ಮರಗಳ ಸಂದಿಯಲ್ಲಿ ಅದು ಸರಕ್ಕನೆ ತಿರುಗಿ ನುಸುಳಲು ನೆರವಾಗುವುದು ತುದಿ ದುಂಡಗಿರುವ ಗಿಡ್ಡ ರೆಕ್ಕೆ. ಇನ್ನು ಚಳಿಗಾಲದಲ್ಲಿ ಹೆಸರಘಟ್ಟದ ಹುಲ್ಲುಗಾವಲಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುವ ಚಾಣವನ್ನು ನೆನೆಯಿರಿ. ಅದರದು ಬಯಲಿಗೆ ಹೇಳಿ ಮಾಡಿಸಿದ ಉದ್ದನೆಯ ಚೂಪು ರೆಕ್ಕೆ.

ಮಾರಿಷಸ್ ಚಾಣ (ಫಾಲ್ಕೋ ಪಂಕ್ಟೇಟಸ್) ಹುಟ್ಟಿನಿಂದ ಚಾಣ, ರೆಕ್ಕೆಯಲ್ಲಿ ಶಿಕ್ರಾ. ಕಾಡಿನೊಳಗೆ, ಕೊಂಬೆಗಳ ನಡುವೆ ಹಸಿರು ಹಲ್ಲಿಗಳನ್ನು ಹಿಡಿದು ತಿನ್ನುವ ಬದುಕು ಅದರ ರೆಕ್ಕೆಯನ್ನು ಹಾಗೆ ತಿದ್ದಿದೆ. ಬೇರೆ ಬೇರೆ ಕುಲದ ಜೀವಿಗಳು ಒಂದೇ ಬಗೆಯ ಬದುಕಿನಿಂದ ಒಂದೇ ಬಗೆಯ ರೂಪ ಪಡೆಯುವ ಒಮ್ಮುಖ ವಿಕಾಸಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ದ್ವೀಪ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತಲೂ ಚಿಕ್ಕದು. ಬಾವಲಿಗಳನ್ನು ಬಿಟ್ಟರೆ ಅಲ್ಲಿ ಮೂಲದ ಸಸ್ತನಿಗಳೇ ಇರಲಿಲ್ಲ. ಹೀಗಾಗಿ ಮರದ ಪೊಟರೆಯಲ್ಲಿ ಮೊಟ್ಟೆಯಿಟ್ಟರೂ ಭಯವಿರಲಿಲ್ಲ. ಮನುಷ್ಯರು ಬಂದರು, ಕಬ್ಬಿಗಾಗಿ ಕಾಡು ಕಡಿದರು. ಇಲಿ, ಬೆಕ್ಕು, ಕೋತಿಗಳೂ ಭಾರತದಿಂದ ಒಯ್ದ ಮುಂಗುಸಿಯೂ ಸೇರಿಕೊಂಡವು.

ಮಲೇರಿಯಾ ಸೊಳ್ಳೆಗಳಿಗೆಂದು ಸಿಂಪಡಿಸಿದ ಡಿಡಿಟಿಯ ವಿಷಯದಲ್ಲಿ ಹಲವರು ಎಡವುತ್ತಾರೆ, ಇಲ್ಲಿ ನಿಧಾನವಾಗಿ ಓದಿ. ಈ ವಿಷ ಕೀಟದಿಂದ ಹಲ್ಲಿಗೆ, ಹಲ್ಲಿಯಿಂದ ಹಕ್ಕಿಗೆ ಏರುತ್ತಾ ದಟ್ಟವಾಗುತ್ತದೆ. ದೊಡ್ಡ ಹಾನಿಯಾಗುವುದು ಮೊಟ್ಟೆಗೆ: ಚಿಪ್ಪಿಗೆ ಸುಣ್ಣದ ಅಂಶ ಸಾಲದೆ ಅದು ತೆಳುವಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತದೆ.

1974ರಲ್ಲಿ ಕಾಡಿನಲ್ಲಿ ಕಂಡಿದ್ದು ನಾಲ್ಕೇ ಹಕ್ಕಿಗಳು. ನಾಲ್ಕು! ನಮ್ಮ ಬೀದಿಯ ಒಂದು ತೆಂಗಿನ ಮರದ ಮೇಲೆ ಅದಕ್ಕಿಂತ ಹೆಚ್ಚು ಹದ್ದುಗಳು ಕೂರುತ್ತವೆ.

1979ರಲ್ಲಿ ದ್ವೀಪಕ್ಕೆ ಬಂದ ಜೀವಿ ಸಂರಕ್ಷಣಾ ವಿಜ್ಞಾನಿ ಕಾರ್ಲ್ ಜೋನ್ಸ್ ಹಕ್ಕಿಯ ಸ್ವಭಾವವನ್ನೇ ನೆಚ್ಚಿಕೊಂಡರು. ಮೊದಲ ಸೂಲಿನ ಮೊಟ್ಟೆಗಳನ್ನು ಬೇಗನೆ ತೆಗೆದರೆ ಹೆಣ್ಣು ಮತ್ತೊಮ್ಮೆ ಇಡುತ್ತದೆ. ತೆಗೆದವಕ್ಕೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸಿದರು. ಕಾಡಿನ ಜೋಡಿಗಳಿಗೆ ಹೆಚ್ಚುವರಿ ಆಹಾರ, ಗೂಡುಪೆಟ್ಟಿಗೆಗಳನ್ನು ಒದಗಿಸಿದರು. ಸಾಕಿದ ಮರಿಗಳನ್ನು ವರ್ಷ ವರ್ಷವೂ ಕಾಡಿಗೆ ಬಿಡುತ್ತಾ ಸಂಖ್ಯೆ ನೂರುಗಳಿಗೆ ಏರಿತು. ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಮುಗಿಯುವ ಈ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕಾಗಿತ್ತೆಂದು ಯೋಚಿಸಿದರೆ ನನಗೆ ಕೈಮುಗಿಯಬೇಕೆನಿಸುತ್ತದೆ.

ಆದರೆ ಬೆರಳೆಣಿಕೆಯ ಪೂರ್ವಜರಿಂದ ಬೆಳೆದ ಸಂತತಿಯಲ್ಲಿ ವಂಶವಾಹಿ ವೈವಿಧ್ಯ ಬಹಳ ಕಡಿಮೆ. ಪಶ್ಚಿಮದ ಕಮರಿಗಳಲ್ಲಿ ಒಂದು ಗುಂಪು, ಪೂರ್ವದ ಬೆಟ್ಟಗಳಲ್ಲಿ ಇನ್ನೊಂದು. ಇವುಗಳ ನಡುವೆ ಹೋಗಿಬರುವ ಹಕ್ಕಿ ಅಪರೂಪ. ಮಧ್ಯದಲ್ಲಿರುವುದು ಕಬ್ಬಿನ ಬಯಲು, ಹಕ್ಕಿಗಿರುವುದು ಕಾಡಿನ ರೆಕ್ಕೆ.