ಉಷ್ಣ ಮಾಲಿನ್ಯ: ನದಿಗೆ ಸೇರುವ ಬಿಸಿ

ಕೈಗಾ ಅಣುವಿದ್ಯುತ್ ಸ್ಥಾವರ ಎಂದೊಡನೆ ಮಂಗಳೂರು, ಉಡುಪಿಯ ಕಡೆ ಮಾತು ನೇರವಾಗಿ ವಿಕಿರಣಕ್ಕೇ ಹೋಗುತ್ತದೆ. ಆ ಆತಂಕ ಸಹಜ. ಆದರೆ ಸ್ಥಾವರ ಯಾವ ದೋಷವೂ ಇಲ್ಲದೆ ನಡೆಯುವ ದಿನವೂ ನೀರಿಗೆ ತಪ್ಪದೆ ಸೇರುವುದು ಶಾಖ. ಹೀಗೆ ಹೊರಬಿಟ್ಟ ಶಾಖದಿಂದ ನದಿ, ಕೆರೆ, ಕಡಲಿನ ನೀರು ಜಲಚರಗಳಿಗೆ ಬಾಧೆಯಾಗುವಷ್ಟು ಬಿಸಿಯಾದರೆ ಅದು ಉಷ್ಣ ಮಾಲಿನ್ಯ.

ಕೈಗಾದ ರಿಯಾಕ್ಟರ್‌ನಲ್ಲಿ ಇಂಧನದ ಶಾಖವನ್ನು ಭಾರಜಲ, ಅಂದರೆ ಭಾರವಾದ ಬಗೆಯ ಹೈಡ್ರೋಜನ್ ಇರುವ ನೀರು, ಹೊತ್ತು ತರುತ್ತದೆ. ಆ ಶಾಖದಿಂದ ಬೇರೊಂದು ಕೊಳವೆಜಾಲದ ಸಾಮಾನ್ಯ ನೀರು ಉಗಿಯಾಗಿ ಟರ್ಬೈನನ್ನು ತಿರುಗಿಸುತ್ತದೆ. ಕೆಲಸ ಮುಗಿಸಿದ ಉಗಿ ಮತ್ತೆ ನೀರಾಗುವುದು ಕಂಡೆನ್ಸರ್‌ನಲ್ಲಿ. ಅಲ್ಲಿ ಸಾವಿರಾರು ಸಣ್ಣ ಕೊಳವೆಗಳ ಒಳಗೆ ಕಾಳಿ ನದಿಯ ಕದ್ರಾ ಜಲಾಶಯದ ನೀರು ಹರಿಯುತ್ತದೆ. ಅವುಗಳ ಹೊರಮೈಗೆ ತಾಗಿದ ಉಗಿ ಹನಿಹನಿಯಾಗಿ ಇಳಿಯುತ್ತದೆ. ಎರಡು ನೀರೂ ಬೆರೆಯುವುದಿಲ್ಲ, ಕೊಳವೆಯ ಗೋಡೆ ದಾಟುವುದು ಶಾಖ ಮಾತ್ರ. ಅದೇನೂ ಅಲ್ಪವಲ್ಲ. ರಿಯಾಕ್ಟರ್‌ನ ಶಾಖದಲ್ಲಿ ಮೂರನೇ ಒಂದು ಭಾಗವೂ ವಿದ್ಯುತ್ತಾಗುವುದಿಲ್ಲ. 220 ಮೆಗಾವಾಟ್‌ನ ಒಂದೊಂದು ಘಟಕವೂ 500 ಮೆಗಾವಾಟ್‌ಗಿಂತ ಹೆಚ್ಚು ಶಾಖವನ್ನು ಹೊರಚೆಲ್ಲುತ್ತದೆ. ಅಂಥ ನಾಲ್ಕು ಘಟಕಗಳು ಅಲ್ಲಿವೆ.

ಕಲ್ಲಿದ್ದಲು ಸ್ಥಾವರಕ್ಕೂ ಈ ಹಂಗು ಉಂಟು. ಪಡುಬಿದ್ರಿ ಬಳಿಯ ಎಲ್ಲೂರಿನದಕ್ಕೆ ಕಡಲ ನೀರು ಬೇಕು.

ಮೀನಿನ ಪಾಡು ನೋಡಿ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಂತೆ ಮೀನಿಗೆ ಬೇಕಾಗುವ ಆಮ್ಲಜನಕವೋ ಹೆಚ್ಚುತ್ತಲೇ ಹೋಗುತ್ತದೆ. ಈ ಎರಡು ಪೆಟ್ಟುಗಳೂ ಒಟ್ಟಿಗೇ ಬೀಳುತ್ತವೆಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಳವಳಕ್ಕೆ ದೂಡುತ್ತದೆ.

ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ಹುಡುಕುವ ಮಂಗಳೂರಿನವರಿಗೆ ನಮ್ಮ ನದಿಗಳು ಹೇಗೆ ಸೊರಗುತ್ತವೆಂದು ಹೇಳಬೇಕಾಗಿಲ್ಲ. ನೀರು ಕಡಿಮೆಯಾದಷ್ಟೂ ಅದೇ ಶಾಖ ಅದನ್ನು ಹೆಚ್ಚು ಕಾಯಿಸುತ್ತದೆ. ಫ್ರಾನ್ಸ್‌ನಲ್ಲಿ 2003 ಮತ್ತು 2022ರ ಬೇಸಿಗೆಗಳಲ್ಲಿ ನದಿಗಳು ಬಿಸಿಯೇರಿ, ದಂಡೆಯ ಕೆಲವು ಅಣುಸ್ಥಾವರಗಳು ಉತ್ಪಾದನೆ ತಗ್ಗಿಸಬೇಕಾಯಿತು.

ಶಾಖವನ್ನು ಗಾಳಿಗೆ ಬಿಡುವ ತಂಪುಗೋಪುರ ಒಂದು ದಾರಿ. ಆದರೆ ಅಲ್ಲಿ ಆವಿಯಾಗಿ ಹೋದ ನೀರು ಮರಳಿ ನದಿಗೆ ಬರುವುದಿಲ್ಲ. ಹಾಗಾಗಿ ಯಾವುದೇ ಸ್ಥಾವರದ ಪರಿಸರ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಮೇ ತಿಂಗಳ ಅಂಕಿಗಳನ್ನು: ಒಳಗೆ ಹೋದ ನೀರಿನ ಉಷ್ಣತೆ ಎಷ್ಟು, ಹೊರಬಂದದ್ದು ಎಷ್ಟು, ನದಿಯಲ್ಲಿ ಉಳಿದ ನೀರೆಷ್ಟು.