ಮೊದಲು ಕಿವಿ ಒಣಗಲಿ, ಆಮೇಲೆ ರಕ್ತದ ಮಾತು

ಬಾಗಲಕೋಟೆಯ ನನ್ನ ಕಿವಿ, ಮೂಗು, ಗಂಟಲು ಕ್ಲಿನಿಕ್‌ನಲ್ಲಿ ಈಚೆಗೆ ಜಾಸ್ತಿ ಕೇಳಿಬರುವ ಮಾತು ಇದು: "ಡಾಕ್ಟರ, ಆಪರೇಷನ್ ಬ್ಯಾಡ್ರಿ. ನಮ್ಮ ರಕ್ತಾನ ತಗದು ಕಿವಿ ತೂತು ಮುಚ್ಚತಾರಂತಲ್ರಿ, ಅದನ್ನ ಮಾಡ್ರಿ." ಅವರು ಹೇಳುವ ತೂತು ಕಿವಿಯೊಳಗಿನ ತೆಳು ಪರದೆಯಲ್ಲಿ ಆದದ್ದು. ಮೊಬೈಲ್‌ನಲ್ಲಿ ವಿಡಿಯೋ ನೋಡಿ ಬಂದಿರುತ್ತಾರೆ. ಕಿವಿಯೊಳಗೆ ನೋಡಿದರೆ ಕೀವು, ಅದರ ಮೇಲೆ ಎಣ್ಣೆಯ ಹೊಳಪು.

ವಿಡಿಯೋ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅವರು ಕೇಳುವುದು ಪಿಆರ್‌ಎಫ್ (ಪ್ಲೇಟ್‌ಲೆಟ್ ರಿಚ್ ಫೈಬ್ರಿನ್), ಅಂದರೆ ರೋಗಿಯದೇ ರಕ್ತದಿಂದ ಮಾಡುವ ಹೆಪ್ಪಿನ ಪದರ. ಫ್ರಾನ್ಸಿನ ಜೋಸೆಫ್ ಶುಕ್ರೂನ್ ಮತ್ತು ಜೊತೆಗಾರರು 2001ರಲ್ಲಿ ಇದನ್ನು ಬಾಯಿ, ದವಡೆಯ ಶಸ್ತ್ರಚಿಕಿತ್ಸೆಗೆಂದು ತಂದರು. ಕೈಯಿಂದ ಸುಮಾರು 10 ಮಿ.ಲೀ. ರಕ್ತ ತೆಗೆದು, ಏನೂ ಬೆರೆಸದೆ, ತಕ್ಷಣ ಯಂತ್ರದಲ್ಲಿ ತಿರುಗಿಸುತ್ತೇವೆ. ತಡವಾದರೆ ಟ್ಯೂಬಿನಲ್ಲೇ ಹೆಪ್ಪುಗಟ್ಟಿ ಕೆಲಸ ಕೆಡುತ್ತದೆ. ಹತ್ತು ಹನ್ನೆರಡು ನಿಮಿಷಕ್ಕೆ ಕೆಳಗೆ ಕೆಂಪು, ಮೇಲೆ ತಿಳಿನೀರು, ನಡುವೆ ಹಳದಿ ಬಣ್ಣದ ಮೆತ್ತನೆಯ ಗಡ್ಡೆ. ಅದನ್ನು ಚಿಮಟದಲ್ಲಿ ಎತ್ತಿ, ಗಾಜ್ ಬಟ್ಟೆಯಲ್ಲಿ ಒತ್ತಿದರೆ ತೆಳ್ಳನೆಯ ಪದರವಾಗುತ್ತದೆ. ಅದರಲ್ಲಿ ಸಿಕ್ಕಿಕೊಂಡ ಪ್ಲೇಟ್‌ಲೆಟ್‌ಗಳು, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳು, ಗಾಯ ಮಾಯಿಸುವ ಅಂಶಗಳನ್ನು ಹಲವು ದಿನ ನಿಧಾನವಾಗಿ ಬಿಡುತ್ತವೆ.

ಕಪಾಳಕ್ಕೆ ಏಟು ಬಿದ್ದು ಆದ ಹೊಸ, ಸಣ್ಣ ತೂತು ಸಾಮಾನ್ಯವಾಗಿ ತಾನಾಗೇ ಮುಚ್ಚುತ್ತದೆ. ಹಳೆಯ, ದೊಡ್ಡ ತೂತಿಗೆ ಕಿವಿಯ ಮೇಲಿನ ಸ್ನಾಯುವಿನ ಪೊರೆ ಅಥವಾ ಕಿವಿಯದೇ ಮೃದ್ವಸ್ಥಿ ತೆಗೆದು ಹೊಸ ಪರದೆ ಕೂರಿಸಲೇಬೇಕು. ರಕ್ತದ ಪದರ ಆ ಪರದೆ ಹಿಡಿಯಲು ಒತ್ತಾಸೆ, ಅಷ್ಟೇ. ಇದರಿಂದ ಪರದೆ ಹಿಡಿಯುವುದು ಹೆಚ್ಚಿತು ಅಂತ ಹಲವು ಅಧ್ಯಯನಗಳು ಹೇಳಿವೆ, ಆದರೂ ಯಾರಿಗೂ ನಾನು ಗ್ಯಾರಂಟಿ ಕೊಡುವುದಿಲ್ಲ.

ನನಗೆ ಬೇಸರ ಆಗುವುದು ಮನೆಯಲ್ಲಿ ಕಿವಿಗೆ ಹಾಕುವ ಎಣ್ಣೆಯ ವಿಷಯಕ್ಕೆ. ಪರದೆ ಸರಿ ಇದ್ದರೆ ಎಣ್ಣೆ ಹೊರಗಿನ ಕಾಲುವೆಯಲ್ಲೇ ನಿಲ್ಲುತ್ತದೆ. ತೂತಿದ್ದರೆ ಅದು ಸೀದಾ ನಡುಗಿವಿಗೆ ಇಳಿಯುತ್ತದೆ, ಹೊರಗಿನ ಕೊಳೆ, ರೋಗಾಣುಗಳ ಸಮೇತ. ತಲೆಗೆ ಹಾಕಿಕೊಂಡ ನೀರೂ ಹಾಗೇ. ಒಳಗೆ ಹಸಿ ಉಳಿದರೆ ಬೂಸ್ಟು ಬೆಳೆಯುತ್ತದೆ, ಕಿವಿ ಮತ್ತೆ ಸೋರುತ್ತದೆ. ಸೋರುವ ಕಿವಿಯಲ್ಲಿ ಹೊಸ ಪರದೆ ಹಿಡಿಯುವ ಭರವಸೆ ಕಡಿಮೆ, ಮೇಲೆ ಎಷ್ಟು ಪಿಆರ್‌ಎಫ್ ಇಟ್ಟರೂ. ಅಂಗಡಿಯಿಂದ ಸುಮ್ನೆ ತಂದ ಡ್ರಾಪ್ಸೂ ಬೇಡ. ತೂತಿರುವ ಕಿವಿಗೆ ಕೆಲವು ಡ್ರಾಪ್ಸ್ ಒಳಗಿವಿಯನ್ನೇ ಕೆಡಿಸಬಲ್ಲವು.

ಮೊಮ್ಮಗನನ್ನು ಕರೆತಂದ ಒಬ್ಬ ಅಜ್ಜಿಗೆ ಈ ಮಾತು ಕೇಳಿ ಸಿಟ್ಟೇ ಬಂತು. "ನಾ ಏನ್ ವಿಷಾ ಹಾಕೇನೇನ್ರಿ? ಬಳ್ಳೊಳ್ಳಿ ಹಾಕಿ ಕಾಸಿದ ಕುಸುಬಿ ಎಣ್ಣಿ, ಎರಡ ಹನಿ." ಹುಡುಗ ಬೇರೆ ಘಟಪ್ರಭೆಯ ಹಿನ್ನೀರಿನಲ್ಲಿ ಈಜುತ್ತಿದ್ದ. ಎಂಡೋಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ಕೊಳವೆ) ಹಾಕಿ ಟಿವಿಯಲ್ಲಿ ತೋರಿಸಿದೆ: ಅವರೆಕಾಳಿನ ಆಕಾರದ ತೂತು, ಅದರಾಚೆ ಕೆಂಪಗಾದ ಒಳಪದರದ ಮೇಲೆ ಎಣ್ಣೆಯ ಹನಿ. ಅಜ್ಜಿ ಬಹಳ ಹೊತ್ತು ನೋಡಿ, "ಹಂಗಾರ ನಾ ಹಾಕಿದ್ದು ಒಳಗ ಹೋಗೈತಲ್ರೀ" ಅಂದರು. ಅವತ್ತಿನಿಂದ ಅವನು ಎರಕೊಳ್ಳುವಾಗಲೆಲ್ಲ ವ್ಯಾಸಲೀನ್ ಸವರಿದ ಹತ್ತಿಯನ್ನು ಅಜ್ಜಿಯೇ ಇಟ್ಟರು. ಈಜು ಬಂದ್. ಕಿವಿ ಒಣಗಿದ ಮೇಲೆ ಪೊರೆ, ಪಿಆರ್‌ಎಫ್ ಎರಡೂ ಇಟ್ಟು ಆಪರೇಷನ್ ಮಾಡಿದೆವು. ಪರದೆ ಹಿಡಿಯಿತು. ಅದರ ಹೆಚ್ಚಿನ ಪಾಲು ಆ ಹತ್ತಿಯದೇ ಅಂತ ನನ್ನ ನಂಬಿಕೆ.

ಆಪರೇಷನ್ ಆದ ಮೇಲೂ ವೈದ್ಯರು ಹೇಳುವ ತನಕ ಕಿವಿಗೆ ನೀರು ಬೇಡ. ಮೂಗು ಜೋರಾಗಿ ಊದಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಸೋರುವ ಕಿವಿಯಿಂದ ಕೆಟ್ಟ ವಾಸನೆ ಬರುತ್ತಿದ್ದರೆ ಮೂಳೆ ತಿನ್ನುವ ರೋಗವಿರಬಹುದು, ಅದಕ್ಕೆ ಬೇರೆಯದೇ ಆಪರೇಷನ್ ಬೇಕು. ಜೊತೆಗೆ ತಲೆಸುತ್ತು ಬಂದರೆ, ಬಾಯಿ ಒಂದು ಕಡೆಗೆ ಸೊಟ್ಟಗಾದರೆ ಅವತ್ತೇ ಬನ್ನಿ.