ಹಾಲಿನ ದರ ಬದಲಾದ ದಿನ ಸಾಫ್ಟ್‌ವೇರ್ ಪರೀಕ್ಷಿಸುವವರು ಯಾರು?

ಮಂಡ್ಯ ಕಡೆಯ ಹಳ್ಳಿ ಡೇರಿಗಳಲ್ಲಿ ಹಾಲು ಹಾಕಿದವರ ಕೈಗೆ ಒಂದು ಚೀಟಿ ಬರುತ್ತದೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು, ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ ಅಂದರೆ ಎಸ್‌ಎನ್‌ಎಫ್ ಎಷ್ಟು, ದುಡ್ಡು ಎಷ್ಟು ಅಂತ ಅದರಲ್ಲಿರುತ್ತದೆ. ಚೀಟಿಯ ಹಿಂದೆ ಒಂದು ಸಾಫ್ಟ್‌ವೇರ್ ಕೆಲಸ ಮಾಡುತ್ತಿರುತ್ತದೆ. ಅದನ್ನು ಮೈಸೂರಿನ ಹೆಬ್ಬಾಳದಲ್ಲೋ ಹೂಟಗಳ್ಳಿಯಲ್ಲೋ ಇರುವ ಒಂದು ಸಣ್ಣ ಕಂಪನಿ ಬರೆದಿದೆ ಅಂತ ಇಟ್ಟುಕೊಳ್ಳೋಣ. ಹತ್ತು ಹನ್ನೆರಡು ಜನ ಇದ್ದಾರೆ. ಅವರಲ್ಲಿ ಇಬ್ಬರು ಟೆಸ್ಟಿಂಗ್‌ನವರು.

ದರಪಟ್ಟಿ ಬದಲಾಯಿತು ಅನ್ನಿ. ಹೊಸ ಲೆಕ್ಕ ಸರಿಯಿದೆಯಾ ಅಂತ ನೋಡಬೇಕು. ಫ್ಯಾಟ್ 2.5ರಿಂದ 5.0ರವರೆಗೆ 0.1ರಂತೆ ಏರಿದರೆ 26 ಅಂಕಿಗಳಾದವು. ಎಸ್‌ಎನ್‌ಎಫ್ 7.5ರಿಂದ 9.5ರವರೆಗೆ ಹೋದರೆ 21. ಎರಡನ್ನೂ ಗುಣಿಸಿದರೆ 546 ಜೋಡಿಗಳು. ಒಂದೊಂದನ್ನೂ ಟೈಪ್ ಮಾಡಿ ನೋಡಲು ಒಂದು ನಿಮಿಷ ಹಿಡಿದರೂ ಒಂಬತ್ತು ಗಂಟೆ ಮೀರುತ್ತದೆ. ಯಾರೂ ಅಷ್ಟು ಮಾಡಲ್ಲ. ಹತ್ತೋ ಹದಿನೈದೋ ನೋಡಿ ಸರಿ ಅಂತಾರೆ. ಅದು ಸೋಮಾರಿತನ ಅಲ್ಲ, ಮನುಷ್ಯರ ಕೈಲಿ ಆಗುವುದೇ ಅಷ್ಟು. ಅದೇ ಪರೀಕ್ಷೆಯನ್ನು ಒಂದು ಪುಟ್ಟ ಪ್ರೋಗ್ರಾಂ ಆಗಿ ಬರೆದಿಟ್ಟರೆ 546 ಲೆಕ್ಕಗಳು ಒಂದು ಸೆಕೆಂಡಿನೊಳಗೆ ಮುಗಿಯುತ್ತವೆ. ಇಂಥ ಫ್ಯಾಟಿಗೆ, ಇಂಥ ಎಸ್‌ಎನ್‌ಎಫ್‌ಗೆ ಇಷ್ಟು ದುಡ್ಡು ಬರಬೇಕು, ಬರದಿದ್ದರೆ ಕೆಂಪು ತೋರಿಸು. ಸ್ವಯಂಚಾಲಿತ ಟೆಸ್ಟಿಂಗ್ ಅಂದರೆ ಮೂಲದಲ್ಲಿ ಇಷ್ಟೇ.

ಆದರೆ ಇಷ್ಟು ದುಡ್ಡು ಬರಬೇಕು ಅಂತ ಹೇಳುವವರು ಯಾರು? ಇಡೀ ವಿಷಯ ನಿಂತಿರುವುದು ಈ ಪ್ರಶ್ನೆಯ ಮೇಲೆ. ಸೂತ್ರ ಬರೆದ ಪ್ರೋಗ್ರಾಮರ್ ಅದೇ ಸೂತ್ರವನ್ನು ಟೆಸ್ಟಿನಲ್ಲೂ ಬರೆದರೆ, ಅವರ ತಪ್ಪು ಎರಡೂ ಕಡೆ ಒಂದೇ ಥರ ಇರುತ್ತದೆ. ತಪ್ಪಿಗೆ ತಪ್ಪು ತಾಳೆಯಾಗಿ ಎಲ್ಲ ಹಸಿರು ಕಾಣುತ್ತದೆ. ಉತ್ತರ ಹೊರಗಿನಿಂದ ಬರಬೇಕು. ಒಕ್ಕೂಟದ ದರಪಟ್ಟಿಯಿಂದ ತೆಗೆದುಕೊಳ್ಳಬಹುದು. ಡೇರಿ ಕಾರ್ಯದರ್ಶಿ ಕೈಯಲ್ಲಿ ಹಾಕಿದ ಲೆಕ್ಕವಾದರೂ ಆಗುತ್ತದೆ.

ಇನ್ನೊಂದು ಕಡೆಯೂ ಎಡವಬಹುದು. ಬಹುತೇಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.1ಕ್ಕೆ 0.2 ಕೂಡಿಸಿ, ಅದು 0.3ಕ್ಕೆ ಸಮನಾ ಅಂತ ಕೇಳಿ ನೋಡಿ. ಇಲ್ಲ ಅನ್ನುತ್ತದೆ. ಒಳಗೆ ಬಂದಿರುವುದು 0.30000000000000004. ಕಂಪ್ಯೂಟರ್ ಸೊನ್ನೆ ಮತ್ತು ಒಂದು ಅನ್ನುವ ಎರಡೇ ಅಂಕಿಗಳಲ್ಲಿ ಬರೆಯುವುದರಿಂದ 0.1 ಅದಕ್ಕೆ ಮುಗಿಯದ ಅಂಕಿ, ನಮಗೆ ಮೂರನೇ ಒಂದು ಭಾಗ 0.333... ಆಗುವ ಹಾಗೆ. ಕೂದಲೆಳೆಯಷ್ಟು ವ್ಯತ್ಯಾಸ ನಿಜ. ಆದರೆ ದರ ಬದಲಾಗುವ ಗಡಿಯಲ್ಲಿ ಹಾಲು ನಿಂತಿದ್ದರೆ ಆ ಕೂದಲೆಳೆಯೇ ರೈತರನ್ನು ಕೆಳಗಿನ ದರಕ್ಕೆ ತಳ್ಳಬಹುದು. ಅದಕ್ಕೇ ಅನುಭವಸ್ಥರು ಗಡಿಗಳನ್ನೇ ಹುಡುಕಿ ಟೆಸ್ಟ್ ಬರೆಯುತ್ತಾರೆ. 3.5 ಗಡಿಯಾದರೆ 3.4, 3.5, 3.6 ಮೂರೂ ಬೇಕೇ ಬೇಕು.

ಸಂಸ್ಥೆಯೊಳಗೆ ಸ್ವಯಂಚಾಲಿತ ಟೆಸ್ಟಿಂಗ್ ತರುವಾಗ ಹೆಚ್ಚಿನವರು ಮೇಲಿನಿಂದ, ಅಂದರೆ ಸ್ಕ್ರೀನಿನಿಂದ ಶುರು ಮಾಡುತ್ತಾರೆ. ಟೂಲ್ ಕೊಳ್ಳುತ್ತಾರೆ, ಸ್ಕ್ರೀನ್ ಮೇಲೆ ಮಾಡುವ ಕ್ಲಿಕ್ಕುಗಳನ್ನೆಲ್ಲ ರೆಕಾರ್ಡ್ ಮಾಡುತ್ತಾರೆ. ಮೌಸ್ ತಾನಾಗೇ ಓಡಾಡುವುದನ್ನು ನೋಡಲು ಚೆನ್ನಾಗಿರುತ್ತೆ, ಅಲ್ವಾ? 2004ರಲ್ಲಿ ಜೇಸನ್ ಹಗ್ಗಿನ್ಸ್ ಶುರು ಮಾಡಿದ ಸೆಲೆನಿಯಂ ಇದಕ್ಕೆ ಒಳ್ಳೆಯ ಟೂಲ್, ಉಚಿತ ಕೂಡ. ಆದರೆ ಸ್ಕ್ರೀನು ಪದೇ ಪದೇ ಬದಲಾಗುತ್ತದೆ. ಒಂದು ಬಟನ್ ಜಾಗ ಬದಲಿಸಿದರೆ ಸ್ಕ್ರಿಪ್ಟುಗಳು ಸಾಲಾಗಿ ಬೀಳುತ್ತವೆ. ಕೆಲವೇ ತಿಂಗಳಲ್ಲಿ ಸ್ಕ್ರಿಪ್ಟ್ ರಿಪೇರಿಯೇ ದೊಡ್ಡ ಕೆಲಸವಾಗುತ್ತದೆ. ನನ್ನ ಪ್ರಕಾರ ಶುರು ಮಾಡಬೇಕಾದ್ದು ಕೆಳಗಿನಿಂದ, ಅಂದರೆ ದುಡ್ಡಿನ ಲೆಕ್ಕದಿಂದ. ಅಲ್ಲಿ ಟೆಸ್ಟ್ ಬೇಗ ಓಡುತ್ತದೆ, ಸುಮ್ನೆ ಬೀಳುವುದಿಲ್ಲ. ತಪ್ಪಾದರೆ ಜಾಸ್ತಿ ನೋವಾಗುವ ಜಾಗವೂ ಅದೇ. ಸ್ಕ್ರೀನಿನ ಟೆಸ್ಟ್ ನಾಲ್ಕೈದಿದ್ದರೆ ಸಾಕು.

ಹಳೇ ಕೋಡ್ ವರ್ಷಗಳಿಂದ ಓಡ್ತಾ ಇದೆ, ಅದಕ್ಕೇಕೆ ಟೆಸ್ಟು ಅಂತ ಯಾರಾದರೂ ಕೇಳೇ ಕೇಳುತ್ತಾರೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡಿಗೆ ಚೂರಾಯಿತು. ದಿಕ್ಕು ಹೇಳುವ ಸಾಫ್ಟ್‌ವೇರನ್ನು ಏರಿಯಾನ್ 4ರಿಂದ ತಂದಿದ್ದರು. ಅಲ್ಲಿ ಅದು ಸರಿಯಾಗೇ ನಡೆದಿತ್ತು. ಹೊಸ ರಾಕೆಟ್ಟಿನ ಅಡ್ಡ ವೇಗ ಜಾಸ್ತಿ. ಆ ವೇಗದಿಂದ ಬಂದ ಒಂದು ಅಂಕಿ 32,767ರವರೆಗೆ ಮಾತ್ರ ಹಿಡಿಯುವ 16 ಬಿಟ್ ಜಾಗದಲ್ಲಿ ತೂರಲಿಲ್ಲ. ಹೊಸ ರಾಕೆಟ್ಟಿನ ಹಾದಿಯ ಅಂಕಿಗಳನ್ನು ಕೊಟ್ಟು ಆ ಕೋಡನ್ನು ಪರೀಕ್ಷಿಸಿರಲಿಲ್ಲ.

ಹಾಗಂತ ಹಳೇ ಕೋಡಿಗೆಲ್ಲ ಒಂದೇ ಸಲ ಟೆಸ್ಟ್ ಬರೆಯಲು ಕೂರಬಾರದು. ಅದು ಮುಗಿಯಲ್ಲ, ಜನ ಬೇಸತ್ತು ಬಿಟ್ಟುಬಿಡುತ್ತಾರೆ. ಎಲ್ಲಿ ಕೈ ಹಾಕುತ್ತೀರೋ ಅಲ್ಲಿ ಬರೆಯಿರಿ. ಬಟವಾಡೆಯಲ್ಲಿ ತಪ್ಪಾಗಿದೆ ಅಂತ ದೂರು ಬಂದರೆ ಮೊದಲು ಆ ತಪ್ಪನ್ನು ಹಿಡಿದು ತೋರಿಸುವ ಟೆಸ್ಟ್ ಬರೆಯಬೇಕು. ಅದು ಕೆಂಪಾಗಿದ್ದನ್ನು ಕಣ್ಣಾರೆ ನೋಡಿ ಆಮೇಲೆ ಕೋಡ್ ಸರಿಪಡಿಸಬೇಕು. ಒಮ್ಮೆಯೂ ಕೆಂಪಾಗದ ಟೆಸ್ಟನ್ನು ನಾನು ನಂಬುವುದಿಲ್ಲ.

ಟೆಸ್ಟಿಂಗ್‌ನವರಿಗೆ ಕೆಲಸ ಹೋಗುತ್ತೇನೋ ಅನ್ನುವ ಭಯ ಇರುತ್ತದೆ. ಅದನ್ನು ಮೊದಲ ದಿನವೇ ಕೂತು ಮಾತಾಡಬೇಕು. ಹಾಲು ಸುರಿಯುವಾಗ ಕರೆಂಟ್ ಹೋದರೆ ಒಬ್ಬರ ಹಾಲು ಎರಡು ಸಲ ದಾಖಲಾಗುತ್ತಾ ಅನ್ನುವ ಅನುಮಾನ ಯಂತ್ರಕ್ಕೆ ಬರಲ್ಲ. ವರ್ಷಗಟ್ಟಲೆ ಕೈಯಲ್ಲಿ ಪರೀಕ್ಷೆ ಮಾಡಿದವರಿಗೆ ಬರುತ್ತದೆ. ಏನನ್ನು ಪರೀಕ್ಷಿಸಬೇಕು ಅಂತ ಪಟ್ಟಿ ಮಾಡಬೇಕಾದವರು ಅವರೇ. ಬೇಕಾದರೆ ಸ್ಕ್ರಿಪ್ಟ್ ಬರೆಯಲು ಪ್ರೋಗ್ರಾಮರ್ ಪಕ್ಕ ಕೂರಲಿ.

ಟೆಸ್ಟುಗಳು ಪ್ರತಿ ಬದಲಾವಣೆಗೂ ತಾವಾಗೇ ಓಡಬೇಕು. ಜೆಂಕಿನ್ಸ್‌ನಂಥ ಉಚಿತ ಸಾಫ್ಟ್‌ವೇರ್ ಆ ಕೆಲಸ ಮಾಡುತ್ತದೆ. ಕೆಂಪು ಬಂದರೆ ರಿಲೀಸ್ ನಿಲ್ಲಬೇಕು, ಮಾಲೀಕರೇ ಅವಸರ ಮಾಡಿದರೂ ಸಹ. ಇದಕ್ಕೆ ದೊಡ್ಡ ಶತ್ರು, ಒಮ್ಮೆ ಪಾಸಾಗಿ ಇನ್ನೊಮ್ಮೆ ಸುಮ್ನೆ ಫೇಲಾಗುವ ಟೆಸ್ಟ್. ತನ್ನ ಟೆಸ್ಟುಗಳಲ್ಲಿ ಸುಮಾರು 16%ಕ್ಕೆ ಈ ಕಾಯಿಲೆ ಇದೆ ಅಂತ ಗೂಗಲ್ ಸಂಸ್ಥೆಯೇ 2016ರಲ್ಲಿ ಹೇಳಿತ್ತು. ಇನ್ನೊಂದು ಸಲ ಓಡಿಸು, ಸರಿಹೋಗುತ್ತೆ ಅನ್ನುವ ಮಾತು ಆಫೀಸಿನಲ್ಲಿ ರೂಢಿಯಾದರೆ ಕೆಂಪಿಗೆ ಬೆಲೆ ಹೋಯಿತು. ಅಂಥ ಟೆಸ್ಟನ್ನು ಕಂಡ ದಿನವೇ ಬೇರೆ ತೆಗೆದಿಟ್ಟು, ಕಾರಣ ಹುಡುಕುವ ಹೊಣೆಯನ್ನು ಒಬ್ಬರಿಗೆ ಕೊಡಬೇಕು. ನೆಟ್‌ವರ್ಕ್ ತಡವಾಗಿರಬಹುದು, ಹಿಂದಿನ ಟೆಸ್ಟ್ ಬಿಟ್ಟುಹೋದ ಡೇಟಾ ಇರಬಹುದು, ಗಡಿಯಾರ ರಾತ್ರಿ 12 ದಾಟಿರಬಹುದು. ಕಾರಣ ಗಡಿಯಾರವಾದರೆ ಟೆಸ್ಟನ್ನು ಬೈದು ಅಳಿಸಿಬಿಡಬೇಡಿ. ತಾರೀಖು ಬದಲಾಗುವ ಹೊತ್ತಿಗೆ ಸಾಫ್ಟ್‌ವೇರೇ ಎಡವುತ್ತಿರಬಹುದು.